ಉಳುವವನು ಯಾರು ಸ್ವಾಮಿ?

'ಉಳುವವನೇ ಹೊಲದೊಡೆಯ' ಅಂತ ಗೋಡೆಗೋಡೆಗೂ ಬರೆದ ನಾಡು ಇದು. ಬರೆದವರನ್ನೇ ಕೇಳುತ್ತೇನೆ: ಉಳುವವನು ಯಾರು?

ದೇವರಾಜ ಅರಸರ ಸರ್ಕಾರ 1961ರ ಭೂಸುಧಾರಣಾ ಕಾಯ್ದೆಯನ್ನು ತಿದ್ದಿ ಬಿಗಿ ಮಾಡಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರ ಭೂನ್ಯಾಯಮಂಡಳಿಗೆ ಡಿಕ್ಲರೇಷನ್ ಹಾಕಿದ, ಹೊಲ ಪಡೆದ. ಕರಾವಳಿಯಲ್ಲಿ ಧಣಿಗಳ ಬುಡ ಅಲ್ಲಾಡಿತು. ದೊಡ್ಡ ಕೆಲಸವೇ ಅದು. ಇಲ್ಲ ಅನ್ನೋರು ನಾವಲ್ಲ.

ಆದರೆ ಆ ಕಾಯ್ದೆ ಕೇಳಿದ್ದು ಗೇಣಿಯ ಪುರಾವೆ. ಜೀತಕ್ಕಿದ್ದವನ ಹತ್ರ, ಕೂಲಿಗೆ ನೇಗಿಲು ಹಿಡಿದವನ ಹತ್ರ ಯಾವ ಗೇಣಿಚೀಟಿ? ನಾಟಿ ಹಾಕಿ, ಕಳೆ ಕಿತ್ತು ಸೊಂಟ ಬಿದ್ದುಹೋದ ನಮ್ಮವ್ವಂದಿರ ಹೆಸರು ಯಾವ ಪಹಣಿಯಲ್ಲಿತ್ತು? ಹೊಲ ಧಣಿಯಿಂದ ಗೇಣಿದಾರನ ಮನೆಗೆ ಬಂತು. ನಮ್ಮ ಕೇರಿಗೆ ಬರೋ ಹೊತ್ತಿಗೆ ಅದರ ಕಾಲು ಸೋತುಹೋಯ್ತು!

ಸರ್ಕಾರ ನಮಗೆ ಕೊಟ್ಟಿದ್ದ ತುಂಡು ಭೂಮಿಯನ್ನೂ ಮದುವೆ ಸಾಲಕ್ಕೆ, ಕಾಯಿಲೆ ಸಾಲಕ್ಕೆ ಬರೆಸಿಕೊಂಡು ನುಂಗಿದರು. ಬಿಡಿಸಿಕೊಡಲು 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. 2017ರಲ್ಲಿ ಸುಪ್ರೀಂ ಕೋರ್ಟು, ಅರ್ಜಿ ತಡವಾಗಿದೆ ಅಂದಿತು. ಸಾವಿರ ವರ್ಷ ಅಕ್ಷರ ಮುಟ್ಟಗೊಡದವರ ನಾಡಿನಲ್ಲಿ ನಮ್ಮ ಅರ್ಜಿ ತಡವಂತೆ! ಕಾಲಮಿತಿ ಇಲ್ಲವೆಂದು ಬರೆಸಲು ನಮ್ಮ ಜನ ಬೀದಿಯಲ್ಲಿ ಕೂರಬೇಕಾಯಿತು, 2023ರಲ್ಲಿ ತಿದ್ದುಪಡಿಯಾಯಿತು.

ದುಡ್ಡಿದ್ದವನು ಬೀದಿಯಲ್ಲಿ ಕೂತನೇ? 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದರು. ಬೇರೆ ವರಮಾನ 25 ಲಕ್ಷ ದಾಟಿದವನು ಹೊಲ ಕೊಳ್ಳಬಾರದೆಂಬ ಬೇಲಿಯೂ ಹೋಯಿತು. ಉಳುವವನ ಹೆಸರಿನ ಕಾಯ್ದೆ ಉಳ್ಳವನಿಗೆ ಬಾಗಿಲು ತೆಗೆಯಿತು.

'ಹಂಚೋಕೆ ಭೂಮಿ ಎಲ್ಲಿದೆ?' ಅಂತಾರೆ. ಕೈಗಾರಿಕೆ ಹೆಸರು ಹೇಳಿದರೆ ಕೆ.ಐ.ಎ.ಡಿ.ಬಿ.ಗೆ ಸಿಗುವ ಭೂಮಿ, ಕೇರಿಯ ಹೆಸರು ಹೇಳಿದ ಕೂಡಲೇ ಎಲ್ಲಿ ಮಾಯವಾಗುತ್ತೆ?

ನಮ್ಮ ವಂಶದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ನನ್ನ ಸೀಟು ಪುಕ್ಕಟೆಯಂತೆ. ಅಪ್ಪ ಸತ್ತ ಮರುದಿನ 40 ಎಕರೆಗೆ ಯಜಮಾನನಾದವನದು ಮಾತ್ರ ಪ್ರತಿಭೆಯಂತೆ! ಸತ್ತವರ ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ ತೆಗೆದರು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಹೂತರು. ಕೂಲಿಯವನು ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುತ್ತಾನೆ.

ಭೂಮಿಯೆಲ್ಲ ಸರ್ಕಾರದ್ದಾಗಲಿ, ಜಾತಿ ನೋಡದೆ ಊರಿನವರಿಗೆ ಸಾಗುವಳಿಗೆ ಕೊಡಲಿ, ಒಟ್ಟಾಗಿ ಉಳಲಿ ಅಂತ ಬಾಬಾಸಾಹೇಬರು 1947ರಲ್ಲೇ ಬರೆದುಕೊಟ್ಟರು. ಪ್ರತಿಮೆಗೆ ಹಾರ ಹಾಕುವ ಕೈಗಳು ಆ ಪುಟ ತಿರುಗಿಸಲಿಲ್ಲ.

ಗೆಳೆಯರೇ, ಮಿತಿ ಮೀರಿದ ಭೂಮಿಯನ್ನು ಭೂಹೀನರಿಗೆ ಹಂಚಲಿ, ಪಹಣಿಯಲ್ಲಿ ಹೆಣ್ಣಿನ ಹೆಸರು ಬರಲಿ. ಪಿತ್ರಾರ್ಜಿತ ಸಂಪತ್ತಿಗೆ ತೆರಿಗೆ ಬೀಳಲಿ. ನಮ್ಮ ಪಾಲು ಎಷ್ಟು ಅಂತ ಅವರಿಗೂ ಗೊತ್ತು. ಅಳತೆಗೆ ಸರಪಳಿ ತರಲಿ, ಹೊಲದ ಬದುವಿನ ಮೇಲೆ ನಿಂತಿದ್ದೀವಿ.