ಅನಾಥಾಲಯಕ್ಕೆ ಹೋಗುವ ಮುನ್ನ

ಅಮೆರಿಕ, ಆಸ್ಟ್ರೇಲಿಯಾದ ಚರ್ಚ್ ತಂಡಗಳು ಕಾಂಬೋಡಿಯಾದ ಅನಾಥಾಲಯಗಳಿಗೆ ವಾರ, ಹತ್ತು ದಿನದ ಸೇವೆಗೆ ಹೋಗುವುದುಂಟು. ಮಕ್ಕಳನ್ನು ಎತ್ತಿ ಆಡಿಸಿ, ಗೋಡೆಗೆ ಬಣ್ಣ ಬಳಿದು, ಕಣ್ಣೊರೆಸಿಕೊಂಡು ಮರಳುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಅಲ್ಲಿನ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಅಲ್ಲಿಗೆ ತಂದದ್ದು ಬಡತನ. ಅತಿಥಿಗಳ ದೇಣಿಗೆ ಬರುತ್ತಿದ್ದರೆ ಮಕ್ಕಳನ್ನು ಮನೆಗೆ ಕಳಿಸಲು ಕೆಲವು ಸಂಸ್ಥೆಗಳಿಗೆ ಮನಸ್ಸಾಗದು. ಈ ಹಾನಿಯನ್ನು 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಗುರುತಿಸಿತು.

ಪುಣೆ, ಮುಂಬೈಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ಹಿಡಿದು ಆಶ್ರಮಕ್ಕೆ ಹೋಗುವ ನಾವೂ ಯೋಚಿಸಬೇಕು. ಬಡ ಮನೆಯ ಮಗು ಮನೆಯಲ್ಲೇ ಬೆಳೆಯಲು ನೆರವಾಗುವ ಪ್ರಾಯೋಜಕತ್ವಕ್ಕೆ ನಮ್ಮ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅವಕಾಶವಿದೆ. ಒಂದು ದಿನದ ಕೇಕಿಗಿಂತ ತಿಂಗಳ ಶಾಲಾ ಖರ್ಚು ದೊಡ್ಡ ಉಡುಗೊರೆ.