ಧಾರವಾಡದ ಆರಾಮ, ದಿಲ್ಲಿಯ ಆರಾಮ್

ನಮ್ಮ ಧಾರವಾಡದ ಕಡೆ ಯಾರಾದರೂ ಎದುರಿಗೆ ಸಿಕ್ಕರೆ ಮೊದಲು ಕೇಳೋದು "ಆರಾಮ ಇದ್ದೀರೇನ್ರಿ?" ಅಂತ. ಆರಾಮ ಅಂದರೆ ಆರೋಗ್ಯ. ಜ್ವರ ಬಂದರೆ "ಆರಾಮಿಲ್ಲ", ವಾಸಿಯಾದರೆ "ಆರಾಮ ಆತು". ಮೂವತ್ತು ವರ್ಷದ ಹಿಂದೆ ವರ್ಗವಾಗಿ ದಿಲ್ಲಿಗೆ ಬಂದಾಗ ಇಲ್ಲಿಯವರ ಬಾಯಲ್ಲೂ ಅದೇ ಶಬ್ದ ಕೇಳಿ ಖುಷಿಯಾಗಿತ್ತು. ಆಮೇಲೆ ಗೊತ್ತಾಯ್ತು, ಇಲ್ಲಿ ಆರಾಮ್ ಅಂದರೆ ಹೆಚ್ಚಾಗಿ ವಿಶ್ರಾಂತಿ. ಕೆಲಸ ಬಿಟ್ಟು ಕಾಲು ಚಾಚಿ ಮಲಗೋದು.

ಈ ಎರಡು ಆರಾಮಗಳ ನಡುವೆ ಎಷ್ಟು ದೂರ ಇದೆ ಅಂತ ಸರಿಯಾಗಿ ತಿಳಿದದ್ದು ಮಾತ್ರ 2023ರ ನವೆಂಬರಿನಲ್ಲಿ, ನನಗೆ ಸ್ತನದ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಾಗ.

ರೋಗದ ಕಥೆ ಚಿಕ್ಕದು, ಬೇಗ ಹೇಳಿ ಮುಗಿಸ್ತೀನಿ. ಸ್ನಾನ ಮಾಡುವಾಗ ಎಡಗಡೆ ಕೈಗೆ ಒಂದು ಗಂಟು ಸಿಕ್ಕಿತು. ಕಾಬೂಲಿ ಕಡಲೆಯಷ್ಟು ಗಾತ್ರ. ನೋವಿಲ್ಲ, ಏನಿಲ್ಲ. ಎರಡು ವಾರದೊಳಗೆ ಮ್ಯಾಮೋಗ್ರಾಂ, ಬಯಾಪ್ಸಿ ಎಲ್ಲಾ ಆಯ್ತು. ಮೊದಲನೇ ಹಂತ. "ಬೇಗ ಬಂದಿರಿ, ಒಳ್ಳೇದಾಯ್ತು" ಅಂದರು ಡಾಕ್ಟರು. ಸ್ತನ ಪೂರ್ತಿ ತೆಗೀಲಿಲ್ಲ, ಗಂಟು ಮತ್ತು ಕಂಕುಳಿನ ಒಂದೆರಡು ಗ್ರಂಥಿ ಮಾತ್ರ. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯಲ್ಲಿ ವೆರೊನೇಸಿ ಅನ್ನೋ ಸರ್ಜನ್ನರು ಇಪ್ಪತ್ತು ವರ್ಷ ರೋಗಿಗಳ ಬೆನ್ನು ಹತ್ತಿ ಲೆಕ್ಕ ಇಟ್ಟು, 2002ರಲ್ಲಿ ತೋರಿಸಿಕೊಟ್ಟಿದ್ದಾರಂತೆ: ಬೇಗ ಸಿಕ್ಕ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ, ಪೂರ್ತಿ ಸ್ತನ ತೆಗೆದವರಷ್ಟೇ ಕಾಲ ಬದುಕ್ತಾರೆ ಅಂತ. ಆಮೇಲೆ ಹನ್ನೆರಡು ವಾರ ಕೀಮೋ, ಹದಿನೈದು ಸಲ ರೇಡಿಯೇಷನ್, ಈಗ ದಿನಕ್ಕೊಂದು ಮಾತ್ರೆ. ಅಷ್ಟೇ.

ನಾನು ಜಗಳ ತೆಗೀಬೇಕು ಅಂತ ಕೂತಿರೋದು ರೋಗದ ಜೊತೆ ಅಲ್ಲ, ನನ್ನ ಹಿತೈಷಿಗಳ ಜೊತೆ.

ರಿಪೋರ್ಟ್ ಬಂದ ಮರುದಿನವೇ ಧಾರವಾಡದಿಂದ ಮೌಶಿ ಫೋನು. "ನೋಡವಾ, ನೌಕರಿ ಬಿಟ್ಟಬಿಡು. ಸೂಜಿ-ದಾರಾ ಅಂತೂ ಮುಟ್ಟಲೇಬ್ಯಾಡ. ರಾಮಾ ಕೃಷ್ಣಾ ಅನಕೋತ ಒಂದ ಕಡೆ ಕೂಡು." ಪಕ್ಕದ ಫ್ಲಾಟಿನ ಪಂಜಾಬಿ ಆಂಟಿ ಕೈ ಹಿಡ್ಕೊಂಡು ಕಣ್ಣೀರು ಹಾಕಿ, "ಬಸ್, ಅಬ್ ಆಪ್ ಆರಾಮ್ ಕೀಜಿಯೇ" ಅಂದರು. ಬೆಳಿಗ್ಗೆ ಪಾರ್ಕಿನಲ್ಲಿ ಜೊತೆಗೆ ನಡೀತಿದ್ದವರು ನನ್ನನ್ನ ವಾಟ್ಸಾಪ್ ಗುಂಪಿನಿಂದಲೇ ತೆಗೆದರು, "ನಿಮಗೆ ಡಿಸ್ಟರ್ಬ್ ಆಗಬಾರದು ಅಂತ". ನಮ್ಮ ಕನ್ನಡದವರು ರಾಜ್ಯೋತ್ಸವದ ಹಾಡಿನ ಗುಂಪಿನಿಂದ ನನ್ನ ಹೆಸರು ಬಿಟ್ಟರು, ಕೇಳದೇನೇ. ಆಫೀಸಿನಲ್ಲಿ ನನ್ನ ಟೇಬಲ್ಲಿನ ಸಾಲದ ಫೈಲುಗಳು ಒಂದೊಂದಾಗಿ ಬೇರೆ ಟೇಬಲ್ಲಿಗೆ ಹೋದವು. "ಮೇಡಮ್, ನೀವು ಬಂದು ಕೂತರೆ ಸಾಕು."

ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವಳು ನಾನು. ಸಾಲದ ಕಂತು ಕಟ್ಟದೆ ತೊಂಬತ್ತು ದಿನ ದಾಟಿದರೆ ಮಾತ್ರ ಆ ಖಾತೆಯನ್ನ ಎನ್‌ಪಿಎ ಅಂತ ಬರೀತೀವಿ. ನನ್ನ ವಿಷಯದಲ್ಲಿ ತೊಂಬತ್ತು ದಿನದ ತಾಳ್ಮೆಯೂ ಯಾರಿಗೂ ಇರಲಿಲ್ಲ. ವಾರದೊಳಗೆ ಎನ್‌ಪಿಎ!

ಇದರಲ್ಲಿ ಒಂದು ಗಮನಿಸಿ. ನೌಕರಿ ಬಿಡು ಅಂದಾಗ ಮನೆಯವರು, ಮಗ, ಎಲ್ಲರೂ ಸ್ವಲ್ಪ ಯೋಚನೆ ಮಾಡಿದರು. ಸಂಬಳ ಇದೆ, ಮೆಡಿಕಲ್ ಬಿಲ್ ಇದೆ. ಆದರೆ ಸೂಜಿ ಬಿಡು ಅಂದಾಗ ನನ್ನ ಪರ ಒಬ್ಬರೂ ನಿಲ್ಲಲಿಲ್ಲ. ಹವ್ಯಾಸ ತಾನೇ? ಬಿಟ್ಟರೇನು ಹೋಯ್ತು?

ಏನು ಹೋಯ್ತು ಅಂತ ಹೇಳ್ತೀನಿ. ನನ್ನ ಹವ್ಯಾಸ ಕಸೂತಿ. ಅಜ್ಜಿಯಿಂದ ಕಲಿತದ್ದು. ಆಗ ಮಗನ ಮದುವೆಗೆ ಅಂತ ಕಪ್ಪು ಇಳಕಲ್ ಸೀರೆಗೆ ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿ ಹಾಕ್ತಾ ಇದ್ದೆ. ಕಸೂತಿಗೆ ಬಟ್ಟೆ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬರ್ಕೊಳ್ಳೋ ಹಾಗಿಲ್ಲ, ಎಳೆ ಎಣಿಸಿ ಎಣಿಸಿ ಹೊಲೀಬೇಕು. ಒಂದು ಎಳೆ ತಪ್ಪಿದರೆ ಆನೆಗೆ ಸೊಂಡಿಲು ಸೊಟ್ಟ. ಆ ಆರು ತಿಂಗಳು ನನ್ನ ಮೈ ನನ್ನ ಕೈಯಲ್ಲಿ ಇರಲಿಲ್ಲ. ಯಾವತ್ತು ಸೂಜಿ ಚುಚ್ಚಬೇಕು, ಯಾವತ್ತು ರಕ್ತ ತೆಗೀಬೇಕು, ಏನು ತಿನ್ನಬೇಕು, ಎಲ್ಲಾ ಬೇರೆಯವರ ತೀರ್ಮಾನ. ಮುಂದಿನ ಎಳೆ ಯಾವುದು ಅನ್ನೋದೊಂದು ಮಾತ್ರ ನನ್ನ ತೀರ್ಮಾನ. ಅದನ್ನೂ ಕಿತ್ಕೊಂಡರೆ ಉಳಿಯೋದು ಬರೀ ಕೇಸ್ ನಂಬರು.

ಹಾಗಂತ ಮೌಶಿಯ ಭಯ ಪೂರ್ತಿ ಸುಳ್ಳಲ್ಲ. ಕಂಕುಳಿನ ಗ್ರಂಥಿ ತೆಗೆದ ಕೈಗೆ ಗಾಯವಾಗಿ ನಂಜಾದರೆ ಊತ ಬರೋ ಸಾಧ್ಯತೆ ಇದೆ. ಡಾಕ್ಟರನ್ನೇ ಕೇಳಿದೆ. "ಹೊಲೀರಿ. ಬೆರಳಿಗೆ ಲೋಹದ ಟೋಪಿ ಹಾಕ್ಕೊಳ್ಳಿ. ಚುಚ್ಚಿದರೆ ಸೋಪಿನಿಂದ ತೊಳೆದು ಔಷಧ ಹಚ್ಚಿ" ಅಂದರು. ಎರಡು ನಿಮಿಷದ ಉತ್ತರ. ಅದನ್ನ ಕೇಳದೇನೇ ಎಲ್ಲರೂ ತೀರ್ಪು ಕೊಟ್ಟಾಗಿತ್ತು.

ಈ "ಕೈ ಅಲ್ಲಾಡಿಸಬೇಡ" ಅನ್ನೋ ಮಾತು ನಮ್ಮಲ್ಲಿ ಮಾತ್ರ ಇರೋದಲ್ಲ. ಒಂದು ಕಾಲಕ್ಕೆ ಡಾಕ್ಟರುಗಳೇ ಹೇಳ್ತಿದ್ದರು. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಅನ್ನೋ ಕ್ರೀಡಾ ವೈದ್ಯರು ಸ್ತನದ ಕ್ಯಾನ್ಸರ್ ಆದ ಇಪ್ಪತ್ನಾಲ್ಕು ಹೆಂಗಸರನ್ನ ಸೇರಿಸಿ, ತರಬೇತಿ ಕೊಟ್ಟು, ಡ್ರ್ಯಾಗನ್ ಬೋಟ್ ಅನ್ನೋ ಉದ್ದ ದೋಣಿಗೆ ಹುಟ್ಟು ಹಾಕಿಸಿದರು. ಹುಟ್ಟು ಹಾಕೋದು ಅಂದರೆ ಭುಜ, ತೋಳುಗಳಿಗೇ ಕೆಲಸ. ಯಾರ ಕೈಗೂ ಹೊಸದಾಗಿ ಊತ ಬರಲಿಲ್ಲ. ಈಗ ಎಷ್ಟೋ ದೇಶಗಳಲ್ಲಿ ಇಂಥ ಹೆಂಗಸರ ದೋಣಿ ತಂಡಗಳಿವೆ. 2009ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನ, ಆಗಲೇ ಕೈ ಊದಿದ ಹೆಂಗಸರು ಕ್ರಮವಾಗಿ, ನಿಧಾನವಾಗಿ ಭಾರ ಎತ್ತಿದರೂ ಊತ ಹೆಚ್ಚಾಗಲ್ಲ ಅಂತ ತೋರಿಸಿತು. ಅವರು ದೋಣಿ ನಡೆಸಬಹುದು, ಕಬ್ಬಿಣ ಎತ್ತಬಹುದು. ಜನಕಪುರಿಯ ನಾನು ಒಂದು ಸೂಜಿ ಎತ್ತಬಾರದೇ?

ನಾನೇನು ವೀರಾಧಿವೀರಳೂ ಅಲ್ಲ. ಶುಕ್ರವಾರ ಕೀಮೋ. ಶನಿವಾರ, ಭಾನುವಾರ ಹಾಸಿಗೆ ಬಿಟ್ಟು ಏಳಲಿಕ್ಕೂ ಆಗ್ತಿರಲಿಲ್ಲ. ಎರಡನೇ, ನಾಲ್ಕನೇ ಶನಿವಾರ ಹೇಗೂ ಬ್ಯಾಂಕಿಗೆ ರಜೆ, ಉಳಿದವಕ್ಕೆ ಸಿಕ್ ಲೀವ್. (ಬ್ಯಾಂಕಿನವರಿಗೆ ಗೊತ್ತು, ಅದು ಅರ್ಧ ಸಂಬಳದ ರಜೆ. ಪೂರ್ತಿ ಸಂಬಳ ಬೇಕಂದರೆ ಒಂದು ದಿನಕ್ಕೆ ಎರಡು ದಿನ ಕಳೀತಾರೆ. ಮೂವತ್ತು ವರ್ಷ ಕೂಡಿಟ್ಟದ್ದು ಕೊನೆಗೂ ಕೆಲಸಕ್ಕೆ ಬಂತು!) ಸೋಮವಾರ ಸ್ಕಾರ್ಫ್ ಕಟ್ಕೊಂಡು, ಮಾಸ್ಕ್ ಹಾಕ್ಕೊಂಡು, ರಶ್ ಕಡಿಮೆಯಾದ ಮೇಲೆ ಜನಕಪುರಿ ವೆಸ್ಟಿನಲ್ಲಿ ಮೆಟ್ರೋ ಹತ್ತುತ್ತಿದ್ದೆ. ಎಂಟನೇ ಕೀಮೋ ಹೊತ್ತಿಗೆ ಬೆರಳ ತುದಿ ಜುಮ್ಮು ಹಿಡಿದು ನೋಟು ಎಣಿಸಿದರೂ ಗೊತ್ತಾಗದ ಹಾಗಾಯ್ತು. ಇಳಕಲ್ ಸೀರೆಯ ಸಣ್ಣ ಎಳೆ ಸಿಗಲಿಲ್ಲ. ಸೀರೆ ಮಡಿಚಿಟ್ಟು, ದೊಡ್ಡ ಎಳೆಯ ಮ್ಯಾಟಿ ಬಟ್ಟೆ ತಂದು ಅದರ ಮೇಲೆ ಹಾಕಿದೆ. ನಾಲ್ಕು ದಿನದಲ್ಲಿ ಮುಗೀತಿದ್ದ ಗೋಪುರಕ್ಕೆ ಮೂರು ವಾರ ಹಿಡೀತು. ಎಷ್ಟೋ ದಿನ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಆಗದ ದಿನ ಬಿಡಬೇಕು, ಆಗುವ ದಿನ ಮಾಡಬೇಕು. ಯಾವ ದಿನ ಯಾವುದು ಅಂತ ಹೇಳಬೇಕಾದವಳು ನಾನು. ನನ್ನ ವಾದ ಇಷ್ಟೇ.

ಇನ್ನೊಂದು ಗುಂಪಿನವರಿದ್ದಾರೆ, ಅವರಿಗೂ ಎರಡು ಮಾತು. "ಪಾಸಿಟಿವ್ ಆಗಿರಿ, ಕ್ಯಾನ್ಸರ್ ಓಡಿಹೋಗುತ್ತೆ" ಅನ್ನೋರು. ಗೋಧಿಹುಲ್ಲಿನ ರಸ, ಅರಿಶಿನದ ಫಾರ್ವರ್ಡು ಕಳಿಸೋರು. ಕಸೂತಿ ಹಾಕಿದ್ದಕ್ಕೆ ನನ್ನ ಕ್ಯಾನ್ಸರ್ ಹೋಗಲಿಲ್ಲ ಮಹಾರಾಯರೇ, ಆಪರೇಷನ್ನಿಗೆ, ಔಷಧಕ್ಕೆ ಹೋದದ್ದು. ಅಳು ಬಂದ ದಿನ ಅತ್ತಿದ್ದೀನಿ. ಅತ್ತರೆ ರೋಗ ಜಾಸ್ತಿಯಾಗುತ್ತೆ ಅಂತ ಹೆದರಿಸೋದು ಯಾವ ಸೀಮೆ ಧೈರ್ಯ? ಕನ್ನಡದಲ್ಲಿ ಬಿ.ವಿ. ಭಾರತಿ ಅವರು ತಮ್ಮ ಕ್ಯಾನ್ಸರ್ ಅನುಭವವನ್ನ 'ಸಾಸಿವೆ ತಂದವಳು' ಅಂತ ಪುಸ್ತಕ ಮಾಡಿದ್ದಾರೆ. ಉಪದೇಶದ ಫಾರ್ವರ್ಡುಗಳ ಬದಲು ಅಂಥದ್ದೊಂದು ಪುಸ್ತಕ ಕಳಿಸಿದ್ದರೆ ಉಪಕಾರವಾಗ್ತಿತ್ತು.

"ಪಾಪ, ಪ್ರೀತಿಯಿಂದ ಹೇಳಿದ್ದಕ್ಕೆ ಇಷ್ಟು ಸಿಟ್ಟೇ?" ಅಂತ ಕೇಳಬಹುದು. ನಾನೂ ಸುಮ್ಮನಿರ್ತಿದ್ದೆ. ಸುಮ್ಮನಿರದ ಹಾಗೆ ಮಾಡಿದ್ದು ಹಾಸನದ ಕಡೆಯ ಒಬ್ಬ ಗೆಳತಿ. ಪಕ್ಕದ ವಿಕಾಸಪುರಿಯಲ್ಲಿರೋರು. ಅದೇ ಹಾಡಿನ ಗುಂಪಿನಲ್ಲಿ ನನ್ನ ಜೊತೆ ಹಾಡ್ತಿದ್ದೋರು. ಹೋದ ವರ್ಷ ಒಂದು ಸಂಜೆ ಮನೆಗೆ ಬಂದು, ಕಾಫಿ ಲೋಟ ಹಾಗೇ ಹಿಡ್ಕೊಂಡು ಹೇಳಿದರು: "ನನಗೂ ಒಂದು ಗಂಟಿದೆ ಕಣ್ರೀ. ಏಳು ತಿಂಗಳಾಯ್ತು."

ಏಳು ತಿಂಗಳು! ನನ್ನ ಕಥೆ ಪೂರ್ತಿ ಗೊತ್ತಿದ್ದವರು. ಬೇಗ ಹೋದರೆ ಒಳ್ಳೇದು ಅಂತಲೂ ಗೊತ್ತಿದ್ದವರು. ಯಾಕ್ರೀ ಹೇಳಲಿಲ್ಲ ಅಂದೆ.

"ನಿಮಗೆ ಏನೇನು ಮಾಡಿದರು ಅಂತ ನೋಡಿದ್ದೆನಲ್ಲ. ಅಡಿಗೆಮನೆಗೆ ಬಿಡಲ್ಲ, ಹಾಡಕ್ಕೆ ಬಿಡಲ್ಲ, ಮೊಮ್ಮಗು ಎತ್ಕೊಳಕ್ಕೆ ಬಿಡಲ್ಲ. ಇನ್ನೊಂದು ಸ್ವಲ್ಪ ದಿನ ಎಲ್ಲರ ಹಾಗೆ ಇದ್ದುಬಿಡೋಣ ಅನ್ನಿಸ್ತು."

ಅವರು ಹೆದರಿದ್ದು ಕೀಮೋಗೆ ಅಲ್ಲ, ನಮಗೆ. ಅವರದ್ದು ಮೂರನೇ ಹಂತ ಅಂತ ರಿಪೋರ್ಟ್ ಬಂತು. ಏಳು ತಿಂಗಳ ಹಿಂದೆ ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲ. ಈಗ ಚಿಕಿತ್ಸೆ ನಡೀತಾ ಇದೆ.

ಅವತ್ತಿನಿಂದ ಈ "ಪ್ರೀತಿ"ಯನ್ನ ನಾನು ನಿರುಪದ್ರವಿ ಅಂತ ಒಪ್ಪಲ್ಲ. ಒಬ್ಬ ಹೆಂಗಸಿಗೆ ರೋಗ ಅಂತ ಗೊತ್ತಾದ ಕೂಡಲೇ ಅವಳ ಬದುಕನ್ನ ಒಂದೊಂದಾಗಿ ಕಳಚ್ತೀವಿ. ಅದನ್ನ ನೋಡ್ತಾ ನಿಂತ ಇನ್ನೊಬ್ಬ ಹೆಂಗಸು ತನ್ನ ಗಂಟನ್ನ ಮುಚ್ಚಿಡ್ತಾಳೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಸ್ತನದ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ಸತ್ತರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಸ್ತನದ ಪರೀಕ್ಷೆ ಮಾಡಿಸಿಕೊಂಡ 30ರಿಂದ 49 ವಯಸ್ಸಿನ ಹೆಂಗಸರು ಶೇ. 0.9. ಅಂದರೆ ಸಾವಿರಕ್ಕೆ ಒಂಬತ್ತು.

ಪರೀಕ್ಷೆ ಅಂದರೆ ದೊಡ್ಡ ಯಂತ್ರವೇ ಬೇಕು ಅಂತಿಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಒಂದೂವರೆ ಲಕ್ಷ ಹೆಂಗಸರನ್ನ ತಗೊಂಡು, ಅವರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರ ಕೈಯಿಂದಲೇ ಪರೀಕ್ಷೆ ಮಾಡಿಸೋದಕ್ಕೆ ಶುರು ಮಾಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯ್ತು. 50 ದಾಟಿದವರಲ್ಲಿ ಈ ಕ್ಯಾನ್ಸರಿನಿಂದ ಸಾಯೋರು ಸುಮಾರು ಶೇ. 30 ಕಡಿಮೆಯಾಗಿದ್ದರು. ಚಿಕ್ಕ ವಯಸ್ಸಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಆದರೆ ನಮ್ಮ ವಯಸ್ಸಿನವರಿಗೆ ಒಂದು ತರಬೇತಾದ ಕೈ ಇಷ್ಟು ಮಾಡಬಲ್ಲದು. ಆ ಕೈ ಮುಟ್ಟಬೇಕಾದರೆ ಮೊದಲು ನಾವು ಬಾಯಿ ಬಿಡಬೇಕಲ್ಲ?

ಒಂದು ತಕರಾರನ್ನ ನಾನೇ ಎತ್ತಿಬಿಡ್ತೀನಿ. ಹವ್ಯಾಸ, ಆಫೀಸು, ಬ್ಯಾಲೆನ್ಸು ಅನ್ನೋದೆಲ್ಲ ಸಂಬಳದ ರಜೆ ಇರೋರ ಮಾತು. ನಿಜ. ನಮ್ಮ ಮನೆ ಕೆಲಸಕ್ಕೆ ಉತ್ತಮ್ ನಗರದಿಂದ ಬರೋ ಹುಡುಗಿಗೆ ಒಂದು ದಿನ ತಪ್ಪಿಸಿದರೆ ದುಡ್ಡು ಕಟ್. ಅವಳಿಗೆ ಬೇಕಾದದ್ದು ನಮ್ಮ ಅನುಕಂಪ ಅಲ್ಲ, ಸಂಬಳ ಹಿಡೀದೆ ಕೊಡೋ ಒಂದು ದಿನದ ರಜೆ, ಜೊತೆಗೆ ಡಾಕ್ಟರ ಹತ್ತಿರ ಬರೋ ಒಬ್ಬರು. ಪರೀಕ್ಷೆಗೆ ಅಂತ ಮೊನ್ನೆ ಅವಳನ್ನ ಕರ್ಕೊಂಡು ಹೋಗಿದ್ದೆ. ಏನೂ ಇಲ್ಲ ಅಂದರು. ಬರ್ತಾ ದಾರೀಲಿ ಇಬ್ಬರೂ ಗೋಲ್‌ಗಪ್ಪ ತಿಂದೆವು.

ಹಾಗಾದರೆ ಹಿತೈಷಿಗಳು ಏನು ಮಾಡಬೇಕು? ಕೀಮೋ ದಿನ ಆಸ್ಪತ್ರೆಗೆ ಕಾರು ಓಡಿಸಿ. ಶನಿವಾರ ಒಂದು ಡಬ್ಬಿ ತಿಳಿಸಾರು ಕಳಿಸಿ. ಹಾಡಿನ ಪಟ್ಟಿಯಿಂದ ಹೆಸರು ತೆಗೆಯೋ ಮೊದಲು ಒಂದು ಫೋನ್ ಮಾಡಿ ಕೇಳಿ. ಆಗಲ್ಲ ಅಂದರೆ ಕುರ್ಚಿ ಖಾಲಿ ಇಡಿ, ಬೇರೆಯವರಿಗೆ ಕೊಡಬೇಡಿ.

ನನ್ನ ಕಪ್ಪು ಸೀರೆ ಮಗನ ಮದುವೆಗೆ ಮುಗೀಲಿಲ್ಲ. ಮದುವೆ ಆಗಿ ನಾಲ್ಕು ತಿಂಗಳಿಗೆ ಮುಗೀತು. ಒಂದು ಆನೆಯ ಸೊಂಡಿಲು ಸ್ವಲ್ಪ ಸೊಟ್ಟ ಇದೆ, ಬಿಚ್ಚಲಿಲ್ಲ. ಸೊಸೆ ಉಟ್ಕೊಂಡ ಫೋಟೋ ಮೌಶಿಗೆ ಕಳಿಸಿದೆ. ಫೋನ್ ಬಂತು. ಈ ಸಲ ಸೂಜಿ-ದಾರದ ಮಾತೇ ಇಲ್ಲ.

"ಆನಿ ಭಾಳ ಛಂದ ಬಂದಾವ. ಆರಾಮ ಇದ್ದೀ ಹೌದಿಲ್ಲೋ?"

ಆರಾಮ ಇದ್ದೀನಿ ಮೌಶಿ ಅಂದೆ. ಧಾರವಾಡದ ಆರಾಮ.

ನಿಮ್ಮ ಪರಿಚಯದಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ, ಇವತ್ತೇ ಫೋನ್ ಮಾಡಿ. "ಆರಾಮ್ ಕೀಜಿಯೇ" ಅನ್ನಬೇಡಿ. "ಏನ್ ಮಾಡ್ಲಿಕ್ಕತ್ತೀರಿ?" ಅಂತ ಕೇಳಿ. ಮತ್ತೆ ನಿಮಗೇ ಒಂದು ಗಂಟು ಕೈಗೆ ಸಿಕ್ಕಿದ್ದರೆ, ನೋವಿಲ್ಲದಿದ್ದರೂ ಸರಿ, ಸೋಮವಾರದವರೆಗೆ ಕಾಯಬೇಡಿ.