ಗಣಿ ಮುಚ್ಚುವ ವೆಚ್ಚವೂ ಅಂದಾಜಿನಲ್ಲಿ ಇರಲಿ

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿರುವ 13 ತ್ಯಾಜ್ಯ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಸಮ್ಮತಿ ನೀಡಿತು. ಸುಮಾರು ಒಂದು ಸಾವಿರ ಎಕರೆಯಲ್ಲಿ ಹರಡಿಕೊಂಡಿರುವ ಈ ದಿಬ್ಬಗಳಲ್ಲಿ 3.3 ಕೋಟಿ ಟನ್‌ನಷ್ಟು ಪುಡಿ ಇದೆ. ಅದು ಅದಿರನ್ನು ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದದ್ದು. ಅದರಲ್ಲಿ ಇನ್ನೂ ಎಷ್ಟು ಚಿನ್ನ ಉಳಿದಿರಬಹುದು ಎಂಬ ಕುತೂಹಲ ಸಹಜವೇ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಕೇಳುವವರು ವಿರಳ. ಅದನ್ನು ತೆಗೆಯಲು ಒಟ್ಟು ಎಷ್ಟು ಖರ್ಚಾಗುತ್ತದೆ? ಮತ್ತೊಮ್ಮೆ ಅರೆದು ತೊಳೆದ ಮೇಲೆ ಉಳಿಯುವ ಪುಡಿಯನ್ನು ಎಲ್ಲಿಡುವುದು, ಯಾರ ಖರ್ಚಿನಲ್ಲಿ?

ಈ ಪ್ರಶ್ನೆಗಳನ್ನು ಕಾಮಗಾರಿ ಆರಂಭವಾಗುವ ಮೊದಲೇ ಕೇಳಿ, ಉತ್ತರವನ್ನು ಅಂಕಿಗಳಲ್ಲಿ ಬರೆದಿಡುವ ವಿದ್ಯೆಯೇ ಯೋಜನಾ ವೆಚ್ಚದ ಅಂದಾಜು. ಗಣಿ ಉದ್ಯಮದಲ್ಲಿ ಇದು ಗುಮಾಸ್ತರ ಮೇಜಿನ ಮೇಲೆ ಮುಗಿಯುವ ಕೂಡಿಸುವ, ಕಳೆಯುವ ಕೆಲಸವಲ್ಲ. ಗಣಿ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಮೊದಲ ಹೆಜ್ಜೆಯೇ ಅದು. ಒಂದೂಕಾಲು ಶತಮಾನದ ಗಣಿ ಇತಿಹಾಸವಿರುವ ಕರ್ನಾಟಕ ಈ ವಿದ್ಯೆಯಲ್ಲಿ ಪರಿಣತಿ ಪಡೆದಿರಬೇಕಿತ್ತು. ದುರದೃಷ್ಟವಶಾತ್, ನಾವು ಕಲಿತದ್ದು ಗಣಿ ತೆರೆಯುವ ಲೆಕ್ಕವನ್ನು ಮಾತ್ರ. ಮುಚ್ಚುವ ಲೆಕ್ಕವನ್ನು ಇನ್ನೂ ಕಲಿತಿಲ್ಲ.

ಸೇತುವೆ ಅಥವಾ ಕಟ್ಟಡದ ಅಂದಾಜಿಗೂ ಗಣಿಯ ಅಂದಾಜಿಗೂ ಮೂಲಭೂತ ವ್ಯತ್ಯಾಸವಿದೆ. ಸೇತುವೆ ಕಟ್ಟುವವರಿಗೆ ಎಷ್ಟು ಸಿಮೆಂಟ್, ಎಷ್ಟು ಉಕ್ಕು ಬೇಕೆಂಬುದು ನಕ್ಷೆಯಲ್ಲೇ ತಿಳಿಯುತ್ತದೆ. ಗಣಿಯ ಕಚ್ಚಾ ಸರಕು ನೆಲದಡಿಯಲ್ಲಿ, ಕಣ್ಣಿಗೆ ಕಾಣದಂತೆ ಇರುತ್ತದೆ. ಅಲ್ಲಲ್ಲಿ ರಂಧ್ರ ಕೊರೆದು ತೆಗೆದ ಕಲ್ಲಿನ ಮಾದರಿಗಳನ್ನು ಆಧರಿಸಿ ಇಡೀ ನಿಕ್ಷೇಪದ ಗಾತ್ರವನ್ನೂ ಸತ್ವವನ್ನೂ ಊಹಿಸಬೇಕು. ಊಹೆಯಲ್ಲಿ ಆಗುವ ಸಣ್ಣ ತಪ್ಪು ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಒಂದು ಟನ್ ಅದಿರಿನಲ್ಲಿ 5 ಗ್ರಾಂ ಚಿನ್ನ ಸಿಗುತ್ತದೆಂದು ನಂಬಿ ಗಣಿ ತೆರೆದು, ಕೊನೆಗೆ 4 ಗ್ರಾಂ ಮಾತ್ರ ಸಿಕ್ಕಿತೆನ್ನೋಣ. ಅಗೆಯುವ, ಮೇಲೆತ್ತುವ, ಅರೆಯುವ ಖರ್ಚು ಟನ್ನಿಗೆ ಅಷ್ಟೇ ಇರುತ್ತದೆ. ಆದರೆ ಪ್ರತಿ ಗ್ರಾಂ ಚಿನ್ನದ ಉತ್ಪಾದನಾ ವೆಚ್ಚ ಶೇ 25ರಷ್ಟು ಏರಿಬಿಡುತ್ತದೆ. ಲಾಭದ ಗಣಿ ನಷ್ಟದ ಗಣಿಯಾಗಲು ಅಷ್ಟು ಸಾಕು.

ಹೀಗಾಗಿಯೇ ವೆಚ್ಚ ಪರಿಣತರು ಅಂದಾಜನ್ನು ಒಂದೇ ಅಂಕಿಯಾಗಿ ಹೇಳುವುದಿಲ್ಲ. ವೆಚ್ಚ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘಟನೆಯು ಅಂದಾಜುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದೆ. ಯೋಜನೆ ಇನ್ನೂ ಕಲ್ಪನೆಯ ಹಂತದಲ್ಲಿದ್ದಾಗ ಮಾಡುವ ಐದನೇ ದರ್ಜೆಯ ಅಂದಾಜಿನಲ್ಲಿ ನಿಜವಾದ ವೆಚ್ಚ ಹೇಳಿದ್ದಕ್ಕಿಂತ ಅರ್ಧದಷ್ಟು ಕಡಿಮೆಯಾಗಬಹುದು, ಇಲ್ಲವೇ ದುಪ್ಪಟ್ಟಾಗಬಹುದು. ವಿನ್ಯಾಸ ಬಹುತೇಕ ಪೂರ್ಣಗೊಂಡ ಮೇಲೆ ಮಾಡುವ ಮೊದಲ ದರ್ಜೆಯ ಅಂದಾಜಿನಲ್ಲೂ ವೆಚ್ಚ ಶೇ 15ರವರೆಗೆ ಮೇಲೇರುವ ಸಾಧ್ಯತೆಯನ್ನು ಒಪ್ಪಿಕೊಳ್ಳಲಾಗುತ್ತದೆ. ನಮ್ಮಲ್ಲಿ ಶಂಕುಸ್ಥಾಪನೆಯ ವೇದಿಕೆಯಿಂದ ಕೇಳಿಬರುವುದು ಮಾತ್ರ ಒಂದೇ ಒಂದು ಅಂಕಿ. ಅದು ಯಾವ ದರ್ಜೆಯದು, ಎಷ್ಟು ಏರುಪೇರಾಗಬಹುದು ಎಂಬುದನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ಅಂದಾಜಿನ ವಿದ್ಯಾರ್ಥಿ ಮೊದಲು ಕಲಿಯುವ ಸೂತ್ರಗಳಲ್ಲಿ ಒಂದು ‘ಆರು ದಶಾಂಶದ ನಿಯಮ’. ಅದಿರು ಸಂಸ್ಕರಣಾ ಘಟಕದ ಸಾಮರ್ಥ್ಯವನ್ನು ಎರಡು ಪಟ್ಟು ಮಾಡಿದರೆ ವೆಚ್ಚ ಎರಡು ಪಟ್ಟಾಗದೆ ಸುಮಾರು ಒಂದೂವರೆ ಪಟ್ಟು ಆಗುತ್ತದೆ ಎಂಬುದು ಅದರ ಸಾರ. ಹಳೆಯ ಘಟಕದ ಲೆಕ್ಕ ಕೈಯಲ್ಲಿದ್ದರೆ ಹೊಸದರ ಅಂದಾಜು ಕೆಲವೇ ನಿಮಿಷಗಳಲ್ಲಿ ಸಿದ್ಧ. ಆದರೆ ಇಂಥ ಸೂತ್ರಗಳ ಮಿತಿಯನ್ನೂ ಅರಿತಿರಬೇಕು. ಯಂತ್ರಗಳಿಗೆ ಒಪ್ಪುವ ನಿಯಮ ಬಂಡೆಗೆ ಒಪ್ಪಬೇಕೆಂದಿಲ್ಲ. ಗಣಿ ಆಳಕ್ಕಿಳಿದಂತೆ ಖರ್ಚು ಉಳಿತಾಯವಾಗುವ ಬದಲು ಏರುತ್ತಲೇ ಹೋಗುತ್ತದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದಾಗ ಅಲ್ಲಿನ ಬಂಡೆಯ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ತಂಪು ಗಾಳಿ ಹಾಯಿಸುವುದು, ನೀರು ಮೇಲೆತ್ತುವುದು, ಬಂಡೆ ಸಿಡಿಯದಂತೆ ಆಸರೆ ಕಟ್ಟುವುದು, ಇವೆಲ್ಲವೂ ಚಿನ್ನದ ಬೆಲೆಯೊಡನೆ ಪೈಪೋಟಿಗೆ ಬಿದ್ದವು. 2001ರ ಫೆಬ್ರುವರಿ 28ರಂದು ಗಣಿ ಬಾಗಿಲು ಹಾಕಿತು.

ಅಂದಾಜು ಎಡವುವುದು ಭಾರತದಲ್ಲಿ ಮಾತ್ರ ಎಂದೇನಲ್ಲ. ಚಿಲಿ ಮತ್ತು ಅರ್ಜೆಂಟೀನಾ ಗಡಿಯ ಆಂಡೀಸ್ ಪರ್ವತಗಳಲ್ಲಿ ಪಾಸ್ಕುವಾ ಲಾಮಾ ಚಿನ್ನದ ಗಣಿಯ ನಿರ್ಮಾಣ 2009ರಲ್ಲಿ ಆರಂಭವಾದಾಗ ಅಂದಾಜು ವೆಚ್ಚ ಸುಮಾರು 300 ಕೋಟಿ ಡಾಲರ್. ಮೂರೇ ವರ್ಷಗಳಲ್ಲಿ ಅದು 800 ಕೋಟಿ ಡಾಲರ್ ತಲುಪಿತು. ಹಿಮನದಿ ಮತ್ತು ನೀರಿನ ಮೂಲಗಳಿಗೆ ಆಗುವ ಹಾನಿಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿ 2013ರಲ್ಲಿ ಕೆಲಸ ನಿಂತಿತು. ಚಿಲಿಯ ಭಾಗವನ್ನು ಮುಚ್ಚುವಂತೆ 2020ರಲ್ಲಿ ಆದೇಶವೇ ಹೊರಬಿತ್ತು. ಮಂಗೋಲಿಯಾದ ಓಯು ತೊಲ್ಗೊಯ್ ತಾಮ್ರದ ಗಣಿಯ ನೆಲದಡಿಯ ವಿಸ್ತರಣೆಗೆ 2016ರಲ್ಲಿ ಹಾಕಿದ್ದ ಅಂದಾಜು 530 ಕೋಟಿ ಡಾಲರ್. ಬಂಡೆ ಎಣಿಸಿದಷ್ಟು ಗಟ್ಟಿಯಲ್ಲವೆಂದು ತಿಳಿದು ವಿನ್ಯಾಸ ಬದಲಿಸಬೇಕಾಗಿ ಬಂದು, ಅದು 700 ಕೋಟಿ ದಾಟಿತು. ಅಪಾರ ಬಂಡವಾಳ, ನುರಿತ ತಜ್ಞರು ಇದ್ದ ಕಂಪನಿಗಳ ಪಾಡೇ ಇದು. ಅವರ ತಪ್ಪುಗಳು ಕನಿಷ್ಠ ದಾಖಲಾಗಿವೆ. ಷೇರುದಾರರ ಮುಂದೆ ಒಪ್ಪಿಸಿದ ಲೆಕ್ಕದಿಂದ ಉಳಿದವರೂ ಕಲಿಯುವಂತಿವೆ.

ನಮ್ಮ ಕುದುರೆಮುಖದ ಕಥೆ ಇನ್ನೂ ಹೆಚ್ಚು ಪಾಠ ಹೇಳುತ್ತದೆ. 1975ರಲ್ಲಿ ಇರಾನ್ ಜೊತೆ ಒಪ್ಪಂದವಾಯಿತು. ಆ ದೇಶ 63 ಕೋಟಿ ಡಾಲರ್ ಸಾಲ ಕೊಡಬೇಕು, ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿತ ಅದಿರನ್ನು ಅದೇ ಕೊಳ್ಳಬೇಕು ಎಂಬುದು ಯೋಜನೆಯ ತಳಹದಿ. ಪಶ್ಚಿಮಘಟ್ಟದ ಮಳೆಯಲ್ಲಿ ಗಣಿ, ಸ್ಥಾವರ, ಲಕ್ಯಾ ಅಣೆಕಟ್ಟು, ಮಂಗಳೂರಿನವರೆಗೆ 67 ಕಿಲೊಮೀಟರ್ ಉದ್ದದ ಕೊಳವೆ ಮಾರ್ಗ, ಇಷ್ಟೆಲ್ಲವನ್ನೂ ನಮ್ಮ ಎಂಜಿನಿಯರುಗಳು 1980ರ ಹೊತ್ತಿಗೆ ಕಟ್ಟಿ ನಿಲ್ಲಿಸಿದರು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಹೆಮ್ಮೆಯ ಸಾಧನೆಯೇ. ಆದರೆ 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿಯಿತು. ಸಾಲದ ಅರ್ಧದಷ್ಟೂ ಬಂದಿರಲಿಲ್ಲ. ಅದಿರಿಗೆ ಹೊಸ ಗಿರಾಕಿಗಳನ್ನು ಹುಡುಕಬೇಕಾಯಿತು. ಸಿಮೆಂಟ್, ಉಕ್ಕು, ಕೂಲಿಯ ಲೆಕ್ಕ ಸರಿಯಾಗಿಯೇ ಇದ್ದಿರಬಹುದು. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡದ್ದರ ಬೆಲೆ ಆ ಲೆಕ್ಕದಲ್ಲಿ ಇರಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಭದ್ರೆಯ ಜಲಾನಯನ ಪ್ರದೇಶದ ಕಾಡು, ಮಳೆಗೆ ಕೊಚ್ಚಿ ಬರುವ ಹೂಳು, ಅಣೆಕಟ್ಟಿನ ಹಿಂದೆ ರಾಶಿಯಾಗುವ ಅದಿರಿನ ಕೆಸರು, ಇವುಗಳಿಗೆ ಬೆಲೆ ಕಟ್ಟಿರಲಿಲ್ಲ. ಸುಪ್ರೀಂ ಕೋರ್ಟ್ 2002ರಲ್ಲಿ ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ಅಗೆಯುವುದು ನಿಂತು ಎರಡು ದಶಕಗಳು ಕಳೆದವು. ಲಕ್ಯಾ ಅಣೆಕಟ್ಟು ಮಾತ್ರ ಕೆಸರನ್ನು ಹಿಡಿದುಕೊಂಡು ಈಗಲೂ ನಿಂತಿದೆ. ಅದನ್ನು ಪ್ರತಿ ಮಳೆಗಾಲದಲ್ಲೂ ಕಾಯುವ ಹೊಣೆಗೆ ಕೊನೆಯ ದಿನಾಂಕವಿಲ್ಲ. ಕುದುರೆಮುಖದ ಅರಣ್ಯಕ್ಕಾದ ಹಾನಿಗೆ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಬಾಕಿಯಿದೆ ಎಂಬ ವಿವಾದ 2024ರಲ್ಲಿಯೂ ಮುಂದುವರಿದಿತ್ತು. ಮೂಲ ಅಂದಾಜಿನಲ್ಲಿ ಕೈಬಿಟ್ಟ ವೆಚ್ಚ ಮಾಯವಾಗುವುದಿಲ್ಲ. ಅದು ತಲೆಮಾರು ಕಳೆದ ಮೇಲೆ, ಬಡ್ಡಿ ಸಮೇತ ಬಾಗಿಲು ತಟ್ಟುತ್ತದೆ.

ಈ ಅನುಭವದಿಂದ ಸರ್ಕಾರ ಏನೂ ಕಲಿತಿಲ್ಲ ಎನ್ನುವುದು ತಪ್ಪಾಗುತ್ತದೆ. ಗಣಿ ಮುಚ್ಚುವ ಯೋಜನೆ ಕಡ್ಡಾಯ ಎಂಬ ನಿಯಮ 2003ರಲ್ಲಿ ಬಂತು. ಅದಕ್ಕೆ ಭದ್ರತೆಯಾಗಿ ದೊಡ್ಡ ಗಣಿಗಳು ಹೆಕ್ಟೇರಿಗೆ 25 ಸಾವಿರ ರೂಪಾಯಿ ಖಾತರಿ ನೀಡಬೇಕಿತ್ತು. 2017ರಲ್ಲಿ ಅದು 3 ಲಕ್ಷಕ್ಕೆ, 2021ರಲ್ಲಿ 5 ಲಕ್ಷಕ್ಕೆ ಏರಿತು. ಎರಡು ದಶಕಗಳೊಳಗೆ ಇಪ್ಪತ್ತು ಪಟ್ಟು ಏರಿಕೆ ಎಂದರೆ ಹಿಂದಿನ ಅಂದಾಜು ಎಷ್ಟು ದುರ್ಬಲವಾಗಿತ್ತೆಂದು ಸರ್ಕಾರವೇ ಒಪ್ಪಿಕೊಂಡಂತೆ. ಆದರೆ ದೋಷ ಮೊತ್ತದಲ್ಲಿ ಮಾತ್ರವಿಲ್ಲ, ಲೆಕ್ಕದ ವಿಧಾನದಲ್ಲೇ ಇದೆ. ಬಯಲುಸೀಮೆಯ ಸುಣ್ಣಕಲ್ಲಿನ ಗಣಿಗೂ ಮಲೆನಾಡಿನ ನೆತ್ತಿಯ ಕಬ್ಬಿಣದ ಗಣಿಗೂ ಹೆಕ್ಟೇರಿಗೆ ಒಂದೇ ದರ ಎಂಬುದು ಅಂದಾಜೇ ಅಲ್ಲ. ಅಂದಾಜು ಮಾಡುವ ಶ್ರಮದಿಂದ ತಪ್ಪಿಸಿಕೊಳ್ಳುವ ಉಪಾಯ.

ಕೋಲಾರದ ದಿಬ್ಬಗಳಿಗೆ ಇದೇ ದರವನ್ನು ಅನ್ವಯಿಸಿ ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಒಂದು ಸಾವಿರ ಎಕರೆ ಎಂದರೆ ಸುಮಾರು 405 ಹೆಕ್ಟೇರ್. ಹೆಕ್ಟೇರಿಗೆ 5 ಲಕ್ಷದಂತೆ ಖಾತರಿಯ ಮೊತ್ತ 20 ಕೋಟಿ ರೂಪಾಯಿ. ಅದನ್ನು 3.3 ಕೋಟಿ ಟನ್ ಪುಡಿಗೆ ಹಂಚಿದರೆ ಟನ್ನಿಗೆ ಸಿಗುವುದು ಆರು ರೂಪಾಯಿ. ಒಂದು ಟನ್ ವಿಷಯುಕ್ತ ಪುಡಿಯನ್ನು ಗಾಳಿಗೆ ಹಾರದಂತೆ, ಮಳೆಗೆ ಕೆರೆ ಸೇರದಂತೆ ಶಾಶ್ವತವಾಗಿ ಕಾಪಾಡಲು ಆರು ರೂಪಾಯಿ ಸಾಕೆಂದು ಯಾವ ಎಂಜಿನಿಯರ್ ಸಹಿ ಹಾಕಬಲ್ಲರು? ಗಾಳಿಗಾಲದಲ್ಲಿ ಮನೆಯೊಳಗೆ ತೂರಿಬರುವ ದೂಳನ್ನು ವರ್ಷಗಳಿಂದ ನುಂಗುತ್ತಿರುವ ಕೆಜಿಎಫ್ ನಿವಾಸಿಗಳಂತೂ ಇದನ್ನು ನಂಬಲಾರರು.

ಬಳ್ಳಾರಿಯಲ್ಲಿ ಆದದ್ದನ್ನೂ ಇಲ್ಲಿ ನೆನೆಯಬೇಕು. ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆ ನಿಲ್ಲಿಸಿ, ಪ್ರತಿ ಗಣಿಗೂ ಪ್ರತ್ಯೇಕ ಪುನಶ್ಚೇತನ ಯೋಜನೆ ಸಿದ್ಧವಾದ ಮೇಲಷ್ಟೇ ಮರಳಿ ತೆರೆಯಬೇಕೆಂದು ವಿಧಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳ ಪುನರುಜ್ಜೀವನಕ್ಕೆ ರೂಪಿಸಿದ ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ. ಇದು ಅಗೆಯುವ ಮೊದಲು ಬರೆಯದೆ ಬಿಟ್ಟ ಅಂದಾಜು. ನ್ಯಾಯಾಲಯ ಮಧ್ಯೆ ಬಂದು ಅದಿರಿನ ಮಾರಾಟದ ಹಣವನ್ನು ತಡೆಹಿಡಿಯದಿದ್ದರೆ ಈ ಹೊರೆ ನೇರವಾಗಿ ಬೊಕ್ಕಸದ ಮೇಲೆ, ಅಲ್ಲಿನ ರೈತರ ಮೇಲೆ ಬೀಳುತ್ತಿತ್ತು.

ಇಷ್ಟೆಲ್ಲ ವೆಚ್ಚವನ್ನು ಮೊದಲೇ ಸೇರಿಸಿದರೆ ಯಾವ ಗಣಿಯೂ ಲಾಭದಾಯಕವಾಗಿ ಕಾಣುವುದಿಲ್ಲ, ಉಕ್ಕು ಮತ್ತು ವಿದ್ಯುತ್‌ಗೆ ನಾವು ಪರದೇಶಗಳ ಮುಂದೆ ಕೈಯೊಡ್ಡಬೇಕಾಗುತ್ತದೆ ಎಂಬುದು ಉದ್ಯಮದ ವಾದ. ಈ ಆತಂಕದಲ್ಲಿ ತಥ್ಯವಿಲ್ಲವೆನ್ನಲಾಗದು. ಉತ್ಪ್ರೇಕ್ಷಿತ ಅಂದಾಜು ಒಳ್ಳೆಯ ಯೋಜನೆಯನ್ನೂ ಕೊಲ್ಲಬಲ್ಲದು. ಆದರೆ ಇದಕ್ಕೆ ಪರಿಹಾರ ಖರ್ಚನ್ನು ಮುಚ್ಚಿಡುವುದಲ್ಲ, ಸರಿಯಾಗಿ ಅಳೆಯುವುದು. ಮುಚ್ಚುವ ಬಗೆಯನ್ನು ಆರಂಭದಲ್ಲೇ ಯೋಚಿಸಿದರೆ ಮೇಲ್ಮಣ್ಣನ್ನು ಎಲ್ಲಿ ಕಾಪಿಡಬೇಕು, ತ್ಯಾಜ್ಯವನ್ನು ಎಲ್ಲಿ ಸುರಿಯಬೇಕು ಎಂಬುದು ಮೊದಲೇ ತೀರ್ಮಾನವಾಗುತ್ತದೆ. ಕೊನೆಯ ಖರ್ಚು ಇಳಿಯುತ್ತದೆ. ಇನ್ನು, ಎಲ್ಲ ವೆಚ್ಚ ಸೇರಿಸಿದ ಮೇಲೂ ಲಾಭ ತೋರದ ಗಣಿಯನ್ನು ತೆರೆಯದಿರುವುದೇ ಲೇಸು. ಅದರ ಲಾಭವೆಂದು ಕಂಡದ್ದು ಬೇರೆಯವರ ನಷ್ಟವಷ್ಟೇ.

2015ರ ಕಾಯ್ದೆ ತಿದ್ದುಪಡಿಯ ನಂತರ ಗಣಿಗಳು ಹರಾಜಿನ ಮೂಲಕ ಹಂಚಿಕೆಯಾಗುತ್ತಿರುವುದು ಈ ಎಚ್ಚರವನ್ನು ಇನ್ನಷ್ಟು ಅಗತ್ಯವಾಗಿಸಿದೆ. ಒಡಿಶಾದಲ್ಲಿ 2020ರಲ್ಲಿ ನಡೆದ ಹರಾಜಿನಲ್ಲಿ ಕೆಲವು ಕಬ್ಬಿಣದ ಗಣಿಗಳಿಗೆ ಅದಿರಿನ ಅಧಿಕೃತ ಮೌಲ್ಯದ ಶೇ 100ಕ್ಕೂ ಹೆಚ್ಚು ಪಾಲನ್ನು ಸರ್ಕಾರಕ್ಕೆ ಕೊಡುವುದಾಗಿ ಕಂಪನಿಗಳು ಕೂಗಿದವು. ಬೊಕ್ಕಸಕ್ಕೆ ಇದು ಸಿಹಿ ಸುದ್ದಿ ನಿಜ. ಆದರೆ ಅಷ್ಟು ಕೊಟ್ಟ ಮೇಲೆ ಸುರಕ್ಷತೆಗೆ, ಪುನಶ್ಚೇತನಕ್ಕೆ ಏನುಳಿಯುತ್ತದೆ ಎಂಬ ಲೆಕ್ಕವನ್ನು ಹರಾಜು ಕೂಗುವವರೂ ಕೂಗಿಸುವವರೂ ಜನರ ಮುಂದೆ ಇಡಬೇಕು.

ಆಗಬೇಕಾದ ಕೆಲಸ ಅಸಾಧ್ಯವಾದುದೇನಲ್ಲ. ಮೊದಲನೆಯದಾಗಿ, ಅನುಮೋದನೆಗೆ ಬರುವ ಪ್ರತಿ ಗಣಿ ಯೋಜನೆಯೂ ತನ್ನ ಅಂದಾಜು ಯಾವ ದರ್ಜೆಯದು, ಎಷ್ಟರವರೆಗೆ ಏರಬಹುದು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಎರಡನೆಯದಾಗಿ, ಮುಚ್ಚುವ ವೆಚ್ಚವನ್ನು ಆಯಾ ಗಣಿಯ ನೆಲ, ನೀರು, ತ್ಯಾಜ್ಯದ ಸ್ವರೂಪ ನೋಡಿ ಸ್ವತಂತ್ರ ತಜ್ಞರು ಲೆಕ್ಕ ಹಾಕಬೇಕು. ಆ ಹಣ ಅದಿರು ಹೊರಬೀಳುವ ವರ್ಷಗಳಲ್ಲೇ ಪ್ರತ್ಯೇಕ ಖಾತೆಗೆ ಸೇರಬೇಕು. ಕೆಲವು ವರ್ಷಗಳಿಗೊಮ್ಮೆ ಅದರ ಪರಿಷ್ಕರಣೆಯೂ ಆಗಬೇಕು. ಮೂರನೆಯದಾಗಿ, ಮುಗಿದ ಯೋಜನೆಗಳ ಮೂಲ ಅಂದಾಜು ಮತ್ತು ನಿಜವಾದ ಖರ್ಚನ್ನು ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸಬೇಕು. ಸಾರ್ವಜನಿಕ ಹಣದಲ್ಲಿ ನಡೆದ ಕುದುರೆಮುಖ ಮತ್ತು ಕೋಲಾರದ ಲೆಕ್ಕಪತ್ರಗಳು ಕಪಾಟಿನಲ್ಲಿ ಗೆದ್ದಲು ತಿನ್ನುವುದಕ್ಕಿಂತ ಸುರತ್ಕಲ್‌ನಲ್ಲೋ ಧನಬಾದ್‌ನಲ್ಲೋ ಗಣಿ ಎಂಜಿನಿಯರಿಂಗ್ ಓದುವ ವಿದ್ಯಾರ್ಥಿಯ ಮೇಜಿನ ಮೇಲೆ ಇರುವುದು ಮೇಲು. ವಿದೇಶದ ಪಠ್ಯದಿಂದ ಸೂತ್ರವನ್ನು ಕಲಿಯಬಹುದು. ನಮ್ಮ ಮಳೆ, ನಮ್ಮ ಬಂಡೆ, ನಮ್ಮ ವಿಳಂಬಗಳ ಬೆಲೆಯನ್ನು ನಮ್ಮ ದಾಖಲೆಗಳಿಂದಲೇ ಕಲಿಯಬೇಕು.

ಇದನ್ನು ಆರಂಭಿಸಲು ಕೋಲಾರದ ದಿಬ್ಬಗಳಿಗಿಂತ ಪ್ರಶಸ್ತವಾದ ಜಾಗ ಬೇರೊಂದಿಲ್ಲ. ಅಲ್ಲಿ ನಿಕ್ಷೇಪ ನೆಲದ ಮೇಲೆಯೇ ಇದೆ, ಕಣ್ಣಿಗೆ ಕಾಣುತ್ತಿದೆ. ಹಿಂದಿನ ತಪ್ಪಿನ ಗಾತ್ರವೂ ಕಾಣುತ್ತಿದೆ. ಮೊದಲ ಕೂಲಿಯಾಳು ಅಲ್ಲಿ ಸಲಿಕೆ ಹಾಕುವ ಮುನ್ನ, ಕೊನೆಯ ಹಿಡಿ ಪುಡಿ ಎಲ್ಲಿ ಸೇರುತ್ತದೆ, ಅದರ ಖರ್ಚು ಎಷ್ಟು ಎಂಬ ಅಂದಾಜನ್ನು ಸರ್ಕಾರ ಕೆಜಿಎಫ್ ಜನರ ಮುಂದಿಡಲಿ. ಚಿನ್ನವನ್ನು ಇಡೀ ದೇಶ ಪಡೆದು, ದೂಳನ್ನು ಮಾತ್ರ ಅವರಿಗೆ ಬಿಟ್ಟುಹೋದ ಲೆಕ್ಕ ಒಮ್ಮೆ ಆದದ್ದೇ ಸಾಕು.